ದೋಣಿಗೆ ಜೆಟ್ಟೋ, ಫ್ಯಾನೋ?

ಬೋರ್ಡೋ ದ್ರಾವಣದ ಬಗ್ಗೆ ಬರೀತೀನಿ ಅಂದಿದ್ದೆ, ಅದು ಮುಂದಿನ ವಾರ. ಈ ಸಲ ದೋಣಿ ವಿಷ್ಯ. ಹಿನ್ನೀರು ಪಕ್ಕ ಹೋಂಸ್ಟೇ ಮಾಡಿರೋರು, ಮಾಡ್ಬೇಕು ಅಂತ ಇರೋರು ಪೂರ್ತಿ ಓದಿ.

ನಮ್ದು ಎರಡು ಎಕರೆ ಅಡಿಕೆ, ಸ್ವಲ್ಪ ಗದ್ದೆ. ಮೂರು ವರ್ಷದಿಂದ ಮಗ ಎರಡು ಕೋಣೆ ಹೋಂಸ್ಟೇ ನಡೆಸ್ತಿದಾನೆ. ಬಂದೋರೆಲ್ಲ ಕೇಳೋದು ಒಂದೇ, "ದೋಣಿ ಇದ್ಯಾ?" ಇಷ್ಟು ದಿನ ಆಚೆ ದಡದವರ ದೋಣಿ ಬಾಡಿಗೆಗೆ ಕರೀತಿದ್ವಿ.

ಹೋದ ಡಿಸೆಂಬರಲ್ಲಿ ಒಂದು ದಿನ ನಡುಗಡ್ಡೆ ಹತ್ರ ದೋಣಿ ನಿಲ್ಸಿದ್ವಿ. ಎಂಜಿನ್ ಆಫ್ ಮಾಡಿರ್ಲಿಲ್ಲ, ನ್ಯೂಟ್ರಲ್ಲಲ್ಲಿ ಇತ್ತು. ಬೆಂಗಳೂರಿಂದ ಬಂದಿದ್ದ ಹನ್ನೊಂದು ವರ್ಷದ ಹುಡುಗ, ಲೈಫ್ ಜಾಕೆಟ್ ಹಾಕ್ಕೊಂಡಿದ್ದ, ಹೇಳ್ದೆ ಕೇಳ್ದೆ ಹಿಂದಿನಿಂದ ನೀರಿಗೆ ಹಾರಿದ. ಅದೇ ಹೊತ್ತಿಗೆ ಗಾಳಿಗೆ ದೋಣಿ ತಿರುಗ್ತಾ ಇದೆ ಅಂತ ದೋಣಿಯವ ಗೇರಿಗೆ ಕೈ ಹಾಕಿದ್ದ. ನಾನು ಕೂಗಿದ ಕೂಗಿಗೆ ಕೈ ತೆಗೆದ. ಏನೂ ಆಗ್ಲಿಲ್ಲ. ಆದ್ರೆ ಹುಡುಗನ ಕಾಲಿಗೂ ಫ್ಯಾನಿಗೂ ಒಂದು ಮಾರು ಅಂತರಾನೂ ಇರ್ಲಿಲ್ಲ. ದೋಣಿಯವನನ್ನ ಬೈಯೋ ಹಾಗಿಲ್ಲ. ಹತ್ತೋ ಮೊದ್ಲೇ ಮಕ್ಕಳಿಗೆ ಹೇಳ್ಬೇಕಾಗಿದ್ದು ನಾನು. ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಬೆಳಿಗ್ಗೆ ಮಗ ಅಂದ, "ಅಪ್ಪಾ, ನಮ್ದೇ ದೋಣಿ ತಗೊಳ್ಳೋಣ. ತಗೊಂಡ್ರೆ ಜೆಟ್. ಹೊರಗೆ ಬ್ಲೇಡೇ ಇರಲ್ಲ."

ನೋಡದೆ ಹೇಗೆ ಒಪ್ಪೋದು? ಮುರುಡೇಶ್ವರದ ಕಡೆ ವಾಟರ್ ಸ್ಕೂಟರ್ ರಿಪೇರಿ ಮಾಡೋ ಹುಡುಗ ಮಗನಿಗೆ ಪರಿಚಯ. ಅಲ್ಲಿಗೆ ಹೋದ್ವಿ. ಒಂದನ್ನ ಬಿಚ್ಚಿ ಇಟ್ಟಿದ್ದ. ನೋಡಿದ ಕೂಡ್ಲೇ ನಗು ಬಂತು. ತಳದಲ್ಲಿ ಜಾಲರಿ, ಒಳಗೆ ಇಂಪೆಲ್ಲರ್, ಹಿಂದೆ ಸಣ್ಣದಾಗ್ತಾ ಹೋಗೋ ಬಾಯಿ. ನಮ್ಮ ಹೊಳೆ ಪಂಪೇ! ಕೆಳಗಿಂದ ನೀರು ಎಳೆದು ಹಿಂದಕ್ಕೆ ಜೋರಾಗಿ ಬಿಡುತ್ತೆ, ದೋಣಿ ಮುಂದೆ ಹೋಗುತ್ತೆ. ಆ ಬಾಯಿ ಎಡ ಬಲ ತಿರುಗಿಸಿದ್ರೆ ಅದೇ ಸ್ಟೇರಿಂಗ್.

ಇದನ್ನ ಚಾಲ್ತಿಗೆ ತಂದವರು ನ್ಯೂಜಿಲೆಂಡಿನ ಕುರಿ ಸಾಕುವ ರೈತ, ಬಿಲ್ ಹ್ಯಾಮಿಲ್ಟನ್ ಅಂತ. ಅವರ ಕಡೆ ಹೊಳೆಗಳು ಕಲ್ಲು ತುಂಬಿದ, ಮೊಣಕಾಲುದ್ದ ನೀರಿನವು. ಫ್ಯಾನ್ ನಡೆಯಲ್ಲ. 1950ರ ದಶಕದಲ್ಲಿ ತಮ್ಮ ಜಮೀನಿನ ವರ್ಕ್‌ಶಾಪಲ್ಲೇ ಕೂತು ಸರಿಮಾಡಿದ್ರು. 1960ರಲ್ಲಿ ಇವರ ಜೆಟ್ ದೋಣಿಗಳು ಅಮೆರಿಕದ ಕೊಲರಾಡೋ ನದಿಯ ದೊಡ್ಡ ಕಣಿವೆಯಲ್ಲಿ ಪ್ರವಾಹಕ್ಕೆ ಎದುರಾಗಿ ಹತ್ತಿದ್ವು. ರೈತನ ಕೆಲಸ ಅಂತ ಗೊತ್ತಾದಾಗ ನಂಗೂ ಜೆಟ್ ಮೇಲೆ ಮನಸ್ಸಾಯ್ತು.

ಆದ್ರೆ ಪಂಪು ಅಂದ್ಮೇಲೆ ಪಂಪಿನ ಕಾಯಿಲೆ ಎಲ್ಲ ಇರ್ಬೇಕಲ್ಲ? ಕೇಳ್ದೆ. ಇದೆ ಅಂದ. ಜಾಲರಿಗೆ ಕಸ ಕೂತ್ರೆ ಫುಟ್‌ವಾಲ್ವ್ ಕಟ್ಟಿದ ಹಾಗೇ, ಎಂಜಿನ್ ಕಿರುಚುತ್ತೆ, ದೋಣಿ ಹೋಗಲ್ಲ. ಮರಳು ಎಳೆದು ಇಂಪೆಲ್ಲರ್ ಸವೆದು ಗ್ಯಾಪ್ ಜಾಸ್ತಿ ಆದ್ರೆ ದೂಡೋ ಶಕ್ತಿನೇ ಇಳಿಯುತ್ತೆ. ದೋಣಿ ಹಿಂದೆ ಕಟ್ಟೋ ಜಾತಿ ಎಂಜಿನ್ನಿಗೆ ಜೆಟ್ ಹಾಕಿದ್ರೆ ಶಕ್ತಿಯಲ್ಲಿ ಸುಮಾರು ಮೂರರಲ್ಲೊಂದು ಪಾಲು ಅಲ್ಲೇ ಹೋಗುತ್ತೆ. ನಿಧಾನಕ್ಕೆ ಹೋಗುವಾಗ ಎಣ್ಣೆ ಇನ್ನೂ ದಂಡ. ನಮ್ಮ ಜನರನ್ನ ಹಕ್ಕಿ ತೋರಿಸ್ತಾ ನಿಧಾನಕ್ಕೇ ಕರ್ಕೊಂಡು ಹೋಗ್ಬೇಕು. ಇನ್ನೊಂದು ಮಾತು ಹೇಳ್ದ, ಅದು ಮುಖ್ಯ. ಎದುರಿಗೆ ಏನೋ ಬಂತು ಅಂತ ಹೆದರಿ ಆಕ್ಸಿಲರೇಟರ್ ಬಿಟ್ರೆ ಜೆಟ್ ದೋಣಿ ತಿರುಗಲ್ಲ. ನೀರು ಚಿಮ್ಮಿದ್ರೆ ತಾನೇ ತಿರುಗೋದು? ಹೊಸಬರು ಗುದ್ದಿಸೋದು ಹೀಗೇ. ಬ್ಲೇಡ್ ಹೊರಗಿಲ್ಲ ಅಂದ್ರೂ ಜಾಲರಿ ಹತ್ರ ಉದ್ದ ಕೂದಲು, ಹಗ್ಗ ಹೋದ್ರೆ ಎಳ್ಕೊಳ್ಳುತ್ತೆ.

ಇನ್ನು ನಮ್ಮ ನೀರು. ಲಿಂಗನಮಕ್ಕಿ ಆದಾಗ, 1964ರಲ್ಲಿ, ಮುಳುಗಿದ್ದು ಬರೀ ಗದ್ದೆ ಅಲ್ಲ, ಕಾಡೂ ಮುಳುಗ್ತು. ಆ ಬೊಡ್ಡೆಗಳು ಇನ್ನೂ ನಿಂತಿವೆ. ಬೇಸಿಗೆಯಲ್ಲಿ ನೀರು ಇಳಿದಾಗ ಮಡೆನೂರಿನ ಹಳೇ ಅಣೆಕಟ್ಟೇ ಎದ್ದು ಬರುತ್ತೆ, ಬೊಡ್ಡೆ ಬರದೆ ಇರುತ್ತಾ? ಯಾವ ಬೊಡ್ಡೆ ಎಲ್ಲಿದೆ ಅಂತ ಅಪ್ಪನಿಗೆ ಬಾಯಿಪಾಠ ಇತ್ತು, ಅವರ ಊರೇ ಅಲ್ವಾ ಅದು. ಅದಕ್ಕೆ ಜೆಟ್ಟೇ ಸರಿ ಅಂತ ಮಗನ ವಾದ. ವೇಗದಲ್ಲಿ ಮೇಲೆದ್ದು ಓಡುವಾಗ ಜೆಟ್ಟಿಗೆ ಗೇಣುದ್ದ ನೀರು ಸಾಕು, ನಿಜ. ಆದ್ರೆ ಬೊಡ್ಡೆ ಇರೋ ಕಡೆ ಮಕ್ಕಳನ್ನ ಕೂರಿಸ್ಕೊಂಡು ಆ ವೇಗದಲ್ಲಿ ಯಾರು ಹೋಗ್ತಾರೆ? ಮೊದಲ ಮಳೆಗೆ ಹಿನ್ನೀರಿಗೆ ಬರೋ ದರಗು, ಕಡ್ಡಿ, ಬಿದಿರ ಚೂರು ನೀವೆಲ್ಲ ನೋಡಿದೀರಿ. ಅದೆಲ್ಲ ಜಾಲರಿಗೆ.

ಫ್ಯಾನಿಗೆ ಬೊಡ್ಡೆ ಹೊಡೆದ್ರೆ? ಸಣ್ಣ ಎಂಜಿನ್ನಲ್ಲಿ ಪಿನ್ ಮುರಿಯುತ್ತೆ, ಗೇರ್ ಉಳಿಯುತ್ತೆ. ಎಂಜಿನ್ ಎತ್ತಿ ಬೇರೆ ಪಿನ್ ಹಾಕಿದ್ರೆ ಮನೆಗೆ ಬರ್ಬಹುದು. ಜೆಟ್ಟಿನ ಒಳಗೆ ಕಡ್ಡಿ ಸಿಕ್ಕಿದ್ರೆ ಕೆಲವು ಸಲ ದಡಕ್ಕೆ ಎಳೆದೇ ಬಿಚ್ಚಬೇಕು. ಜೂನ್ ಗಾಳಿಯಲ್ಲಿ, ನಡು ನೀರಲ್ಲಿ ಕೈಗೆ ಸಿಗೋ ರಿಪೇರಿ ಯಾವ್ದು ಅಂತ ಯೋಚಿಸ್ದೆ. ಫ್ಯಾನೇ ಅಂತ ಆಯ್ತು. 9.9 ಎಚ್‌ಪಿ, ಫೋರ್ ಸ್ಟ್ರೋಕ್. ಫ್ಯಾನಿನ ಸುತ್ತ ಬಳೆ ಥರದ ಗಾರ್ಡ್ ಹಾಕ್ಸಿದೀವಿ. ವೇಗ ಸ್ವಲ್ಪ ಕಮ್ಮಿ ಆಗುತ್ತೆ, ಆಗ್ಲಿ.

ಮಗ ಎರಡು ದಿನ ಮಾತಾಡ್ಲಿಲ್ಲ. "ಆ ಹುಡುಗನ ಕಾಲು ಮರ್ತು ಬಿಟ್ಯಾ?" ಅಂದ. ಮರ್ತಿಲ್ಲ. ಅದಕ್ಕೇ ನಮ್ಮ ದೋಣಿಗೆ ಈ ಕಟ್ಟಳೆ:

1. ಯಾರೇ ನೀರಿಗೆ ಇಳಿಯೋ ಮುಂಚೆ ಎಂಜಿನ್ ಪೂರ್ತಿ ಆಫ್, ಕೀಲಿ ಜೇಬಲ್ಲಿ. ನ್ಯೂಟ್ರಲ್ ಲೆಕ್ಕಕ್ಕಿಲ್ಲ.
2. ಏಣಿ ದೋಣಿಯ ಪಕ್ಕಕ್ಕೆ. ಹಿಂದೆ, ಎಂಜಿನ್ ಹತ್ರ ಬೇಡ.
3. ಕಿಲ್ ಸ್ವಿಚ್ ದಾರ ನಡೆಸೋನ ಕೈಗೆ ಕಟ್ಟಿರ್ಬೇಕು. ಬಿದ್ರೆ ಎಂಜಿನ್ ತಾನೇ ನಿಲ್ಲುತ್ತೆ.
4. ಎರಡು ಪಿನ್, ಒಂದು ಫ್ಯಾನ್, ಪಾನ, ಎರಡು ಹುಟ್ಟು ಯಾವಾಗ್ಲೂ ದೋಣಿಯಲ್ಲಿ.
5. ಜಾಕೆಟ್ ಇಲ್ದೆ ಯಾರೂ ಹತ್ತೋ ಹಾಗಿಲ್ಲ, ನಾನೂ ಸೇರಿ.

ಎಂಜಿನ್ ಇರೋ ದೋಣಿಗೆ ನೋಂದಣಿ, ವಿಮೆ ಬೇಕು. 2021ರಲ್ಲಿ ಒಳನಾಡು ಹಡಗುಗಳ ಹೊಸ ಕಾಯ್ದೆ ಬಂದಿದೆ. ಜನರನ್ನ ಕೂರಿಸೋ ಮುಂಚೆ ಕಾಗದಪತ್ರ ಮಾಡ್ಕೊಳ್ಳಿ.

ನಿಮ್ಮ ಕಡೆ ತಿಳಿ ನೀರು, ತೆಳು ನೀರು, ಕಸ ಇಲ್ಲ, ಮೆಕ್ಯಾನಿಕ್ ಹತ್ರ ಇದಾನೆ ಅಂದ್ರೆ ಜೆಟ್ ನೋಡಿ, ತಪ್ಪಿಲ್ಲ. ನಮ್ಮ ನೀರಿಗೆ ಇದು. ಮೊನ್ನೆ ಭಾನುವಾರ ಮೊದಲ ಸಲ ಒಂದು ಸಂಸಾರ ಕೂರಿಸ್ಕೊಂಡು ಹೋಗಿದ್ವಿ. ನಡುಗಡ್ಡೆ ಹತ್ರ ಮಕ್ಕಳು "ಇಳೀಲಾ ಅಂಕಲ್?" ಅಂತ ಕೇಳಿದ್ವು. ನಾನು ಬಾಯಿ ಬಿಡೋ ಮೊದ್ಲೇ ಮಗ ಕೀಲಿ ತೆಗೆದು ಜೇಬಿಗೆ ಹಾಕ್ಕೊಂಡ.

ದೋಣಿ ಇಟ್ಟಿರೋರು ನಿಮ್ಮ ಅನುಭವ ಕೆಳಗೆ ಬರೀರಿ. ಗಾರ್ಡಿಗೆ ಕಸ ಸಿಗದ ಹಾಗೆ ಏನು ಮಾಡಿದೀರಿ ಅಂತ ನಂಗೆ ಬೇಕಾಗಿದೆ.