ಸೆರಗಿನ ಗಂಟು

ಹಣಕ್ಕೆ ಕಾಲಿಲ್ಲವೆಂದು ಯಾರು ಹೇಳಿದರು? ಸಿರಿವಂತನ ಹಣ ಕುಳಿತಲ್ಲಿಂದಲೇ ದೇಶ ಸುತ್ತುತ್ತದೆ. ಕಾಲಿಲ್ಲದ್ದು ಬಡವನ ಹಣಕ್ಕೆ ಮಾತ್ರ. ಕೆನ್ಯ ದೇಶದಲ್ಲಿ, ನೈರೋಬಿಗೆ ದುಡಿಯಹೋದ ಮಗ ಹಳ್ಳಿಯ ತಾಯಿಗೆ ನಾಲ್ಕು ಕಾಸು ಕಳುಹಿಸಬೇಕಾದರೆ, ಊರ ಕಡೆ ಹೊರಟ ಬಸ್ಸಿನವನ ಕೈಗೆ ಲಕೋಟೆ ಕೊಟ್ಟು ದೇವರ ಮೇಲೆ ಭಾರ ಹಾಕುತ್ತಿದ್ದ. ತಲುಪಿದರೆ ಪುಣ್ಯ, ತಲುಪದಿದ್ದರೆ ಕೇಳುವುದು ಯಾರನ್ನು? ಬ್ಯಾಂಕೆಂಬುದು ದೂರದ ಪಟ್ಟಣದಲ್ಲಿ. ಹೋಗಿಬರುವ ಬಾಡಿಗೆಯೇ ಹಣದ ಒಂದು ಪಾಲನ್ನು ನುಂಗುತ್ತಿತ್ತು.

2005ರಲ್ಲಿ ಅಲ್ಲಿ ಒಂದು ಪ್ರಯೋಗ ನಡೆಯಿತು. ಸಣ್ಣ ಸಾಲಗಾರರು ಕಂತನ್ನು ಮೊಬೈಲ್ ಫೋನಿನಿಂದಲೇ ಕಟ್ಟಲಿ ಎಂಬುದು ಹೂಡಿದವರ ಎಣಿಕೆ. ಜನರು ಅವರಿಗಿಂತ ಜಾಣರು. ಅದೇ ಉಪಾಯದಿಂದ ತಮ್ಮ ತಮ್ಮೊಳಗೆ ಹಣ ಕಳುಹಿಸತೊಡಗಿದರು. 2007ರ ಮಾರ್ಚಿನಲ್ಲಿ ಸಫಾರಿಕಾಂ ಕಂಪೆನಿ ಅದನ್ನೇ ‘ಎಂ-ಪೆಸಾ’ ಎಂಬ ಹೆಸರಿನಿಂದ ಹೊರತಂದಿತು. ‘ಪೆಸಾ’ ಎಂದರೆ ಸ್ವಾಹಿಲಿಯಲ್ಲಿ ಹಣ. ಅದು ಕಡಲು ದಾಟಿ ಹೋದ ‘ಪೈಸೆ’ಯೇ ಎನ್ನುವ ಪಂಡಿತರುಂಟು.

ಇದರ ಮರ್ಮವಿರುವುದು ಫೋನಿನಲ್ಲಲ್ಲ, ಅಂಗಡಿಯಲ್ಲಿ. ಸೋಪು ಸಕ್ಕರೆ ಮಾರುವವನೇ ಇಲ್ಲಿ ಬ್ಯಾಂಕಿನ ಕಿಟಕಿ. ಮಗನು ನಗರದ ಅಂಗಡಿಯಲ್ಲಿ ಕೊಟ್ಟ ನೋಟು ಅವನ ಲೆಕ್ಕದಲ್ಲಿ ಅಂಕಿಯಾಗುತ್ತದೆ. ಆ ಅಂಕಿ ಒಂದು ಸಂದೇಶವಾಗಿ ತಾಯಿಯ ಫೋನಿಗೆ ಹಾರುತ್ತದೆ. ಆಕೆ ಊರ ಅಂಗಡಿಗೆ ನಡೆದು, ಗುರುತಿನ ಚೀಟಿ ತೋರಿ, ಗುಟ್ಟಿನ ಸಂಖ್ಯೆಯನ್ನು ಒತ್ತಿದರೆ ಮತ್ತೆ ನೋಟಾಗುತ್ತದೆ. ಅಂಗಡಿಯ ಪೆಟ್ಟಿಗೆ ಬರಿದಾಗಿದ್ದರೆ ಎಂಥ ಯಂತ್ರವಿದ್ದೂ ಫಲವಿಲ್ಲ.

ಇದರ ಹೆಚ್ಚಿನ ಫಲವನ್ನು ಕಂಡವರು ಹೆಂಗಸರು. ಅವರು ಉಡುವ ಲೆಸೊ ಬಟ್ಟೆಯ ಸೆರಗಿಗೆ ಕಾಸನ್ನು ಗಂಟುಹಾಕಿಕೊಳ್ಳುವುದು ವಾಡಿಕೆ. ಆ ಗಂಟು ಎಲ್ಲರ ಕಣ್ಣಿಗೂ ಬೀಳುತ್ತದೆ. ಗಂಡ ಕೇಳಿದರೂ ಬಿಚ್ಚಬೇಕು, ನೆಂಟರು ಬೇಡಿದರೂ ಬಿಚ್ಚಬೇಕು. ಫೋನಿನೊಳಗಿನ ಗಂಟು ಅಷ್ಟು ಸುಲಭವಾಗಿ ಕಾಣದು. ತವನೀತ್ ಸೂರಿ, ವಿಲಿಯಂ ಜ್ಯಾಕ್ ಎಂಬ ಅರ್ಥಶಾಸ್ತ್ರಜ್ಞರು 2016ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ಈ ಏರ್ಪಾಡಿನಿಂದ 1,94,000 ಕುಟುಂಬಗಳು ಬಡತನದಿಂದ ಮೇಲೆದ್ದವು. 1,85,000 ಹೆಂಗಸರು ಬೇಸಾಯದಿಂದ ವ್ಯಾಪಾರಕ್ಕೆ ತಿರುಗಿದರು.

ಬಾಗಿಲು ತೆರೆದಾಗ ಲಕ್ಷ್ಮಿಯ ಹಿಂದೆ ಅವಳ ಅಕ್ಕನೂ ನುಸುಳುವುದುಂಟು. 2012ರಿಂದೀಚೆಗೆ ಅದೇ ಫೋನು ಸಾಲವನ್ನೂ ಕೊಡತೊಡಗಿತು. ಸಾಲ ಪಡೆಯಲು ನಾಲ್ಕು ಗುಂಡಿ ಒತ್ತಿದರಾಯಿತು. ತೀರಿಸಲು ಬೆವರೇ ಬೇಕು. ಇನ್ನು ಓದುಬಾರದ ಮುದುಕಿಯು ಗುಟ್ಟಿನ ಸಂಖ್ಯೆಯನ್ನು ಮೊಮ್ಮಗನಿಗೋ ಅಂಗಡಿಯವನಿಗೋ ಹೇಳಿ ಒತ್ತಿಸುತ್ತಾಳೆ. ಅವರು ಒಳ್ಳೆಯವರಾದರೆ ಮಾತ್ರ ಹಣ ಅವಳದು. ಆ ನಾಲ್ಕು ಅಂಕಿಗಳನ್ನು ಅವಳೇ ಓದಿ ಅವಳೇ ಒತ್ತುವ ದಿನ, ಗಂಟು ಪೂರ್ತಿಯಾಗಿ ಅವಳದಾದೀತು.