ನಾಯಿಗೊಂದು ಪೆಟ್ಟಿಗೆ

ಕನ್ನಡಿಗನು ತನ್ನ ಮನೆಯ ಪ್ರಾಣಿಗಳಿಗೆಲ್ಲ ಒಂದೊಂದು ವಾಸಸ್ಥಾನವನ್ನು ಕಲ್ಪಿಸಿ, ಅದಕ್ಕೆ ಒಂದೊಂದು ಹೆಸರನ್ನೂ ಇಟ್ಟಿದ್ದಾನೆ. ಹಸುವಿಗೆ ಕೊಟ್ಟಿಗೆ, ಕುದುರೆಗೆ ಲಾಯ, ಕುರಿಗೆ ರೊಪ್ಪ, ಕೋಳಿಗೆ ಗೂಡು, ಗಿಳಿಗೆ ಪಂಜರ. ಕರೆಯದೆ ಬರುವ ಇಲಿಗೂ ಒಂದು ಬೋನು. ನಾಯಿಗೆ ಮಾತ್ರ ಏನೂ ಇಲ್ಲ. ಮಳೆ ಬಂದರೆ ಜಗುಲಿ, ಚಳಿಯಾದರೆ ಒಲೆಯ ಬೂದಿ, ಬಿಸಿಲಾದರೆ ಹುಲ್ಲಿನ ಬಣವೆಯ ನೆರಳು. ಅದಕ್ಕೆ ತನ್ನದೆಂಬ ಬಾಗಿಲೇ ಇರಲಿಲ್ಲ. ಅದರ ಕೆಲಸ ಮಾತ್ರ ಬಾಗಿಲು ಕಾಯುವುದು.

ಹೊಸಕೋಟೆ, ನೆಲಮಂಗಲಗಳ ಹಳ್ಳಿಗಳಲ್ಲಿ ಇಂದಿಗೂ ಇಂಥ ನಾಯಿಗಳಿಗೆ ಕೊರತೆಯಿಲ್ಲ. ಆದರೆ 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ಹೊಸ ವಿಮಾನ ನಿಲ್ದಾಣ ಆರಂಭವಾದ ಮೇಲೆ ಆ ಕಡೆಯ ಬದುಕಿನ ಚಹರೆಯೇ ಬದಲಾಯಿತು. ಚಕ್ಕೋತದ ತೋಟವಿದ್ದ ಸೀಮೆಯಲ್ಲಿ ಬಡಾವಣೆಗಳೆದ್ದವು. ಬಡಾವಣೆಗಳ ಹಿಂದೆಯೇ ಬಹುಮಹಡಿಯ ಮನೆಗಳು ಬಂದವು. ಐದನೆಯ ಮಹಡಿಯಲ್ಲಿ ಜಗುಲಿ ಎಲ್ಲಿಂದ ಬರಬೇಕು? ಜಗುಲಿ ಹೋದರೂ ನಾಯಿಯ ಮೇಲಿನ ಮಮತೆ ಹೋಗಲಿಲ್ಲ. ಹೀಗಾಗಿ ಪೆಟ್ಟಿಗೆ ಮನೆಯೊಳಕ್ಕೆ ಬಂತು.

ಪೆಟ್ಟಿಗೆಯನ್ನು ಕೊಳ್ಳಲು ಹೋಗುವ ಗೃಹಸ್ಥರು ಸಾಮಾನ್ಯವಾಗಿ ಬೀರು ಕೊಳ್ಳುವವರಂತೆಯೇ ವರ್ತಿಸುತ್ತಾರೆ. ಗೋಡೆಯ ಬಣ್ಣಕ್ಕೆ ಹೊಂದುತ್ತದೆಯೇ, ಮಂಚದ ಪಕ್ಕದಲ್ಲಿ ಹಿಡಿಸುತ್ತದೆಯೇ ಎಂಬುದು ಮೊದಲ ವಿಚಾರ. ಒಳಗೆ ಇರಬೇಕಾದವನ ಅಭಿಪ್ರಾಯ ಕೊನೆಯದು. ವಾಸ್ತವವಾಗಿ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ಪೆಟ್ಟಿಗೆ ಮಲಗುವುದಕ್ಕೋ, ಕಾರಿನ ಪ್ರಯಾಣಕ್ಕೋ, ವಿಮಾನಕ್ಕೋ ಎಂಬುದು. ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು.

ಮನೆಯಲ್ಲಿ ಮಲಗುವುದಕ್ಕೆ ತಂತಿಯ ಪೆಟ್ಟಿಗೆ ಒಳ್ಳೆಯದು. ಗಾಳಿ ನಾಲ್ಕು ಕಡೆಯಿಂದಲೂ ಆಡುತ್ತದೆ. ಬೇಡವಾದಾಗ ಮಡಿಸಿ ಮಂಚದ ಕೆಳಗೆ ತಳ್ಳಬಹುದು. ನಾಯಿ ತನ್ನ ಮೈಯ ಬಿಸಿಯನ್ನು ಬಹುಮಟ್ಟಿಗೆ ನಾಲಿಗೆ ಚಾಚಿ ಏದುವುದರಿಂದಲೇ ಕಳೆದುಕೊಳ್ಳಬೇಕು. ಮನುಷ್ಯನಂತೆ ಅದರ ಮೈಯೆಲ್ಲ ಬೆವರುವುದಿಲ್ಲ. ಆದ್ದರಿಂದ ದೊಡ್ಡಬಳ್ಳಾಪುರದ ಏಪ್ರಿಲ್ ಬಿಸಿಲಿನಲ್ಲಿ, ತಗಡಿನ ಮಾಡಿನ ಕೆಳಗೆ, ಎಂಥ ಬೆಲೆಬಾಳುವ ಪೆಟ್ಟಿಗೆಯಾದರೂ ಒಲೆಯೇ ಸರಿ. ಬಟ್ಟೆಯ ಪೆಟ್ಟಿಗೆ ಹಗುರ, ಮೃದು. ಸಾಧುವಾದ ಸಣ್ಣ ನಾಯಿಗೆ ಸಾಕು, ಹಲ್ಲು ಬರುತ್ತಿರುವ ಮರಿಗೆ ಅದು ಒಂದು ದಿನದ ಊಟ. ತಂತಿಯ ಪೆಟ್ಟಿಗೆಯೊಳಗೆ ಬಿಡುವಾಗ ಕೊರಳಪಟ್ಟಿಯನ್ನು ಬಿಚ್ಚಬೇಕು. ಅದು ಸರಳಿಗೆ ಸಿಕ್ಕಿಕೊಂಡರೆ ಬಿಡಿಸಲು ಹತ್ತಿರದಲ್ಲಿ ಯಾರೂ ಇಲ್ಲದೆ ಹೋಗಬಹುದು.

ಮರಿಗಳ ವಿಷಯದಲ್ಲಿ ಇನ್ನೊಂದು ತೊಡಕು. ಹೇಗೂ ಬೆಳೆಯುತ್ತದೆ, ಈಗಲೇ ದೊಡ್ಡದನ್ನು ತಂದುಬಿಡೋಣ ಎಂಬುದು ಶಾಲೆಯ ಅಂಗಿ ಹೊಲಿಸುವ ತಾಯಿತಂದೆಯರ ತರ್ಕ. ನಾಯಿ ತಾನು ಮಲಗುವ ಜಾಗವನ್ನು ಹೊಲಸು ಮಾಡಲು ಹಿಂಜರಿಯುತ್ತದೆ. ಆದರೆ ಜಾಗ ಅತಿಯಾಗಿದ್ದರೆ ಒಂದು ಮೂಲೆಯನ್ನು ಶಯನಗೃಹವಾಗಿಯೂ ಇನ್ನೊಂದನ್ನು ಬಚ್ಚಲಾಗಿಯೂ ವಿಂಗಡಿಸಿಕೊಳ್ಳುತ್ತದೆ. ನಡುವೆ ಸರಿಸಬಹುದಾದ ತಡಿಕೆಯಿರುವ ಪೆಟ್ಟಿಗೆಯನ್ನು ಕೊಂಡು, ಮರಿ ಬೆಳೆದಂತೆ ತಡಿಕೆಯನ್ನು ಹಿಂದಕ್ಕೆ ಸರಿಸುವುದು ಜಾಣತನ.

ಇನ್ನು ವಿಮಾನ. ಮಗನೋ ಮಗಳೋ ಹೊರದೇಶದಲ್ಲಿ ನೆಲೆಸಿ, ವೃದ್ಧ ತಾಯಿತಂದೆಯರನ್ನು ಕರೆಸಿಕೊಳ್ಳುವ ಕಾಲವಿದು. ಪಾತ್ರೆಗಳನ್ನು ನೆಂಟರಿಗೆ ಕೊಟ್ಟು, ದೇವರ ಪಟಗಳನ್ನು ಕಟ್ಟಿಟ್ಟು, ಮನೆಗೆ ಬೀಗ ಹಾಕುವ ಮಾತು ಬಂದಾಗ, ಹೊಸಿಲ ಮೇಲೆ ತಲೆಯಿಟ್ಟು ಮಲಗಿದ ಟಾಮಿಯ ಕಡೆ ಯಜಮಾನಿಯ ಕಣ್ಣು ಹೊರಳುತ್ತದೆ. “ಅಲ್ಲಾಂದ್ರೆ, ಇವನನ್ನೇನು ಮಾಡೋಣ?” ಎಂದು ಆಕೆ ಕೇಳಿದರೆ ಯಜಮಾನರು ಪತ್ರಿಕೆಯ ಹಿಂದಿನಿಂದ ತಲೆ ಎತ್ತುವುದಿಲ್ಲ. ಅವರೂ ಎರಡು ವಾರಗಳಿಂದ ಅದನ್ನೇ ಯೋಚಿಸುತ್ತಿರುತ್ತಾರೆ.

ಕರೆದೊಯ್ಯುವುದೆಂದು ನಿಶ್ಚಯವಾದರೆ ಟೇಪು ಹೊರಕ್ಕೆ ಬರಬೇಕು. ಅಂತಾರಾಷ್ಟ್ರೀಯ ವಿಮಾನ ಸಂಸ್ಥೆಗಳ ಒಕ್ಕೂಟ ಇದಕ್ಕೊಂದು ಲೆಕ್ಕವನ್ನು ಗೊತ್ತುಮಾಡಿದೆ. ನಿಂತ ನಾಯಿಯ ಮೂಗಿನ ತುದಿಯಿಂದ ಬಾಲದ ಬುಡದವರೆಗಿನ ಉದ್ದಕ್ಕೆ, ನೆಲದಿಂದ ಮುಂಗಾಲಿನ ಮೊಣಕೈವರೆಗಿನ ಎತ್ತರದ ಅರ್ಧವನ್ನು ಕೂಡಿಸಿದರೆ ಪೆಟ್ಟಿಗೆಯ ಉದ್ದ. ಭುಜದ ಅಗಲದ ಎರಡರಷ್ಟು ಪೆಟ್ಟಿಗೆಯ ಅಗಲ. ತಲೆಯೋ ಕಿವಿಯ ತುದಿಯೋ ಯಾವುದು ಮೇಲಿದೆಯೋ ಅದರ ಎತ್ತರಕ್ಕೆ ಹಾಸಿಗೆಯ ದಪ್ಪವನ್ನು ಸೇರಿಸಿದರೆ ಪೆಟ್ಟಿಗೆಯ ಎತ್ತರ. ಮೂಗಿನಿಂದ ಬಾಲಕ್ಕೆ 90 ಸೆಂಟಿಮೀಟರ್, ಮೊಣಕೈಗೆ 30, ಭುಜಕ್ಕೆ 25 ಇರುವ ನಾಯಿಗೆ 105 ಉದ್ದ, 50 ಅಗಲದ ಪೆಟ್ಟಿಗೆ ಬೇಕು. ಮೂಗು ಮೊಂಡಾದ ಪಗ್ ಮೊದಲಾದ ಜಾತಿಗಳಿಗೆ ಇದರ ಮೇಲೆ ನೂರಕ್ಕೆ 10ರಷ್ಟು ಹೆಚ್ಚು. ಅವುಗಳಿಗೆ ಉಸಿರಾಟವೇ ಕಷ್ಟವಾದ್ದರಿಂದ ಹಲವು ವಿಮಾನ ಸಂಸ್ಥೆಗಳು ಅವನ್ನು ಒಯ್ಯುವುದೇ ಇಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಇಲ್ಲಿ ತಲೆಕೆಳಗಾಗುತ್ತದೆ. ಪೆಟ್ಟಿಗೆಯ ತೂಕವೂ ಗಾತ್ರವೂ ಬಾಡಿಗೆಯ ಲೆಕ್ಕಕ್ಕೆ ಬರುವುದರಿಂದ ನಾಲ್ಕು ಬೆರಳು ಕಡಿಮೆಯಾದರೆ ನಷ್ಟವೇನೆಂದು ಯೋಚಿಸುವವರಿದ್ದಾರೆ. ಆದರೆ ನಿಯಮದ ತಿರುಳು ಒಂದೇ: ಒಳಗಿರುವ ಪ್ರಾಣಿ ನಿಲ್ಲಬೇಕು, ಕೂಡಬೇಕು, ಸಹಜವಾಗಿ ಮಲಗಬೇಕು, ಸಲೀಸಾಗಿ ಹಿಂದಕ್ಕೆ ತಿರುಗಬೇಕು.

ಈ ಕೊನೆಯ ಮಾತು ಸಣ್ಣದಲ್ಲ. 1957ರ ನವೆಂಬರ್ 3ರಂದು ಸೋವಿಯತ್ ದೇಶದವರು ಎರಡನೆಯ ಸ್ಪುಟ್ನಿಕ್‌ನಲ್ಲಿ ಲೈಕಾ ಎಂಬ ನಾಯಿಯನ್ನು ಅಂತರಿಕ್ಷಕ್ಕೆ ಹಾರಿಸಿದಾಗ ಜಗತ್ತೇ ಬೆರಗಾಯಿತು. ಮಾಸ್ಕೋದ ಬೀದಿಯಲ್ಲಿ ಅಲೆಯುತ್ತಿದ್ದ ನಾಯಿ ಅದು. ಕಿರಿದಾದ ಜಾಗಕ್ಕೆ ಒಗ್ಗಲೆಂದು ಅದನ್ನು ಮೊದಲು ದಿನಗಟ್ಟಲೆ ಚಿಕ್ಕ, ಇನ್ನೂ ಚಿಕ್ಕ ಗೂಡುಗಳಲ್ಲಿ ಇಟ್ಟಿದ್ದರು. ಕೊನೆಯ ಗೂಡಿನಲ್ಲಿ ಅದು ನಿಲ್ಲಬಹುದಿತ್ತು, ಮಲಗಬಹುದಿತ್ತು, ತಿರುಗುವಂತಿರಲಿಲ್ಲ. ಹಿಂದಕ್ಕೆ ಕರೆತರುವ ಏರ್ಪಾಡೂ ಇರಲಿಲ್ಲ. ಹಾರಿದ ಕೆಲವೇ ಗಂಟೆಗಳಲ್ಲಿ ಅದು ಒಳಗಿನ ಬಿಸಿಯಿಂದ ಸತ್ತಿತೆಂಬ ಸಂಗತಿ ಹೊರಬಿದ್ದದ್ದು 2002ರಲ್ಲಿ. ಅದರ ಶಿಕ್ಷಣದಲ್ಲಿ ಭಾಗಿಯಾಗಿದ್ದ ವಿಜ್ಞಾನಿ ಓಲೆಗ್ ಗಾಜೆಂಕೊ 1998ರಲ್ಲೇ ಬಹಿರಂಗವಾಗಿ ಪಶ್ಚಾತ್ತಾಪಪಟ್ಟಿದ್ದರು. 1960ರ ಆಗಸ್ಟ್‌ನಲ್ಲಿ ಬೆಲ್ಕಾ, ಸ್ಟ್ರೆಲ್ಕಾ ಎಂಬ ಎರಡು ನಾಯಿಗಳು ಜೀವಂತವಾಗಿ ಮರಳಿದವು. ಆದರೆ ಜನರ ನೆನಪಿನಲ್ಲಿ ಹೆಚ್ಚಾಗಿ ನಿಂತದ್ದು ಮರಳದ ಲೈಕಾ. ತಿರುಗುವಷ್ಟು ಜಾಗ, ಆಡುವಷ್ಟು ಗಾಳಿ ಇವೆರಡೂ ಐಷಾರಾಮಗಳಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ವಿಮಾನದ ಸರಕಿನ ಅಂಕಣಕ್ಕೆ ತಂತಿಯ ಪೆಟ್ಟಿಗೆಯೂ ಬಟ್ಟೆಯದೂ ಸಲ್ಲವು. ಗಟ್ಟಿ ಪ್ಲಾಸ್ಟಿಕ್ಕಿನದೋ ಮರದ್ದೋ ಆಗಬೇಕು; ನಾಲ್ಕು ಮಗ್ಗುಲಲ್ಲೂ ಗಾಳಿಕಂಡಿ ಇರಬೇಕು; ಮೇಲಿನ ಅರ್ಧವನ್ನೂ ಕೆಳಗಿನ ಅರ್ಧವನ್ನೂ ಲೋಹದ ಬೋಲ್ಟುಗಳಿಂದ ಬಿಗಿಯಬೇಕು. ಚಕ್ರಗಳಿದ್ದರೆ ಕಳಚಬೇಕು. ನೀರಿನ ಬಟ್ಟಲು ಬಾಗಿಲು ತೆರೆಯದೆಯೇ ಹೊರಗಿನಿಂದ ತುಂಬುವಂತಿರಬೇಕು. ಒಳಗೆ ಜೀವವಿದೆಯೆಂದೂ ಯಾವ ಮಗ್ಗುಲು ಮೇಲಿರಬೇಕೆಂದೂ ಸಾರುವ ಚೀಟಿಗಳನ್ನು ಅಂಟಿಸಬೇಕು. ನಿದ್ರೆಯ ಮಾತ್ರೆ ಕೊಟ್ಟು ಕಳಿಸುವುದು ದಯೆಯಂತೆ ತೋರಿದರೂ ಅಪಾಯ. ಮಂಪರಿನಲ್ಲಿರುವ ನಾಯಿಗೆ ಉಸಿರನ್ನೂ ಸಮತೋಲವನ್ನೂ ಕಾಪಾಡಿಕೊಳ್ಳುವುದು ಕಷ್ಟ. ರೈಲಿನಲ್ಲಾದರೋ ಗಾರ್ಡಿನ ಡಬ್ಬಿಯಲ್ಲಿ ನಾಯಿಗೆಂದೇ ಪೆಟ್ಟಿಗೆಯಿದೆ. ಒಡೆಯರ ಜೊತೆಯಲ್ಲೇ ಹೋಗಬೇಕಾದರೆ ಹವಾನಿಯಂತ್ರಿತ ಮೊದಲ ದರ್ಜೆಯ ಒಂದು ಕೋಣೆಯನ್ನು ಪೂರ್ತಿಯಾಗಿ ಕಾದಿರಿಸಬೇಕು.

ಪೆಟ್ಟಿಗೆಯನ್ನು ಪ್ರಯಾಣದ ಹಿಂದಿನ ದಿನ ತರುವವರಿಗಿಂತ ನಾಯಿಯ ಶತ್ರು ಇನ್ನೊಬ್ಬರಿಲ್ಲ. ವಾರಗಳ ಮುಂಚೆಯೇ ತಂದು, ಬಾಗಿಲು ತೆಗೆದು, ನಡುಮನೆಯಲ್ಲಿಡಬೇಕು. ಮೊದಲು ಊಟದ ತಟ್ಟೆ ಅದರ ಬಾಗಿಲಲ್ಲಿ, ಆಮೇಲೆ ಒಳಗೆ. ಮೊದಲು ಒಂದು ನಿಮಿಷ ಬಾಗಿಲು ಮುಚ್ಚಿ, ಆಮೇಲೆ ಹತ್ತು. ಯಜಮಾನಿಯ ಹಳೆಯ ಸೀರೆಯ ತುಂಡೊಂದನ್ನು ಹಾಸಿದರೆ ಅದಕ್ಕಿಂತ ಮಿಗಿಲಾದ ಹಾಸಿಗೆ ಅಂಗಡಿಯಲ್ಲಿ ದೊರೆಯದು. ಶಿಕ್ಷೆಗೆಂದು ಮಾತ್ರ ಅದರೊಳಗೆ ಎಂದೂ ತಳ್ಳಬಾರದು.

ಇಷ್ಟೆಲ್ಲ ಸರಿಯಾದರೂ ಒಂದು ಪ್ರಶ್ನೆ ಉಳಿಯುತ್ತದೆ: ಪ್ರಯಾಣವೇ ಬೇಕೆ? ಕಣ್ಣು ಮಂಜಾದ, ಎದೆಯ ಬೇನೆಯಿರುವ ಮುದಿ ನಾಯಿಯನ್ನು ಪರದೇಶಕ್ಕೆ ಒಯ್ಯುವುದು ಅದರ ಸುಖಕ್ಕೋ, ಬಿಟ್ಟುಹೋದೆವೆಂಬ ತಮ್ಮ ಸಂಕಟವನ್ನು ತಪ್ಪಿಸಿಕೊಳ್ಳುವುದಕ್ಕೋ ಎಂದು ಮನೆಯವರು ಕೂತು ಮಾತಾಡಬೇಕು. ಪಶುವೈದ್ಯರ ಮಾತನ್ನು ಕೇಳಬೇಕು. ನಾಯಿ ಬಲ್ಲ ತಂಗಿಯ ಮನೆಯೋ ನೆರೆಯವರ ಅಂಗಳವೋ ಅದಕ್ಕೆ ಹೆಚ್ಚು ಹಿತವಾದೀತು. ಬೀದಿಗೆ ಬಿಟ್ಟುಹೋಗುವ ಮಾತು ಮಾತ್ರ ಬರಬಾರದು. ಹತ್ತು ವರ್ಷ ಬಾಗಿಲು ಕಾದ ಜೀವ ಬೀಗ ಬಿದ್ದ ಮನೆಯ ಬಾಗಿಲನ್ನೂ ಕಾಯುತ್ತಲೇ ಇರುತ್ತದೆ.

ಹೋಗುವ ಶಕ್ತಿ ಅದಕ್ಕಿದ್ದು, ಒಯ್ಯುವ ಮನಸ್ಸು ಇವರಿಗಿದ್ದರೆ, ಪೆಟ್ಟಿಗೆಯ ಆಯ್ಕೆ ಸರಿಯಾಯಿತೇ ಎಂಬುದನ್ನು ತಿಳಿಯಲು ಸುಲಭವಾದ ಪರೀಕ್ಷೆಯೊಂದಿದೆ. ಮಧ್ಯಾಹ್ನದ ಹೊತ್ತು, ಯಾರೂ ಕರೆಯದೆ, ಪೆಟ್ಟಿಗೆಯ ಬಾಗಿಲೂ ಮನೆಯ ಬಾಗಿಲೂ ತೆರೆದಿರುವಾಗ, ನಾಯಿ ತಾನಾಗಿ ಒಳಗೆ ಹೋಗಿ, ಒಂದು ಸುತ್ತು ತಿರುಗಿ, ಮಲಗಿ ನಿದ್ರಿಸಬೇಕು. ಆಗ ಟಿಕೇಟು ಕೊಳ್ಳಬಹುದು.