ಹೊರಡುವ ಮುನ್ನ

ಈ ಶಾಬಾನ್ ತಿಂಗಳು ಮುಗಿಯುವುದರೊಂದಿಗೆ ರಾಯಚೂರು ಜಿಲ್ಲೆಯಲ್ಲಿ ನನ್ನ ಆರು ವರ್ಷಗಳ ಅಧ್ಯಾಪನವೂ ಮುಗಿಯುತ್ತದೆ. ಮೊದಲ ಮೂರು ವರ್ಷ ಮಾನ್ವಿಯಲ್ಲಿ, ನಂತರದ ಮೂರು ವರ್ಷ ದೇವದುರ್ಗದಲ್ಲಿ ಮಕ್ಕಳಿಗೆ ಧಾರ್ಮಿಕ ಪಾಠಗಳ ಜೊತೆಗೆ ಕನ್ನಡವನ್ನೂ ಕಲಿಸಿದೆ. ರಮಝಾನ್‌ಗೆ ಮುಂಚೆ ಊರು ಸೇರಬೇಕು. ದಕ್ಷಿಣ ಕನ್ನಡದ ಮನೆಯಲ್ಲಿ ತಾಯಿ ದಿನ ಎಣಿಸುತ್ತಿದ್ದಾರೆ.

ಒಂದೇ ರಾಜ್ಯದೊಳಗಿದ್ದರೂ ನಾನು ಇಲ್ಲಿಗೆ ಪರದೇಶಿಯಾಗಿಯೇ ಬಂದೆ. ನಮ್ಮ ಕಡೆ ಉಸ್ತಾದ್ ಎಂದು ಕರೆಸಿಕೊಳ್ಳುತ್ತಿದ್ದವನು ಇಲ್ಲಿ ಹಜ್ರತ್ ಆದೆ. ನನ್ನ ಮನೆಮಾತು ಬ್ಯಾರಿ, ಮಕ್ಕಳದು ದಖನಿ. ನಮ್ಮ ನಡುವಿನ ಸೇತುವೆ ಕನ್ನಡ. ಆದರೆ ನನ್ನ ಪುಸ್ತಕದ ಕನ್ನಡವನ್ನು ಕೇಳಿ ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ಕರಾವಳಿಯ ನಾವು ಹೆಚ್ಚಿನವರು ಶಾಫಿಈ ಮದ್‌ಹಬನ್ನು ಅನುಸರಿಸುವವರು; ಇಲ್ಲಿನವರು ಹನಫಿಗಳು. ಅಸ್ರ್ ನಮಾಝಿನ ಸಮಯ ಇಲ್ಲಿ ತಡ. ಮೊದಲ ಕೆಲವು ದಿನ ನಾನು ಒಬ್ಬನೇ ಬೇಗನೆ ನಮಾಝ್ ನಿರ್ವಹಿಸಿ ಕೋಣೆಯಲ್ಲಿ ಕುಳಿತಿರುತ್ತಿದ್ದೆ. ಆ ಮೇಲೆ ಜಮಾಅತ್‌ಗಾಗಿ ಕಾಯುವುದನ್ನು ಕಲಿತೆ. ಕುಚ್ಚಲಕ್ಕಿ ಗಂಜಿಯ ಜಾಗಕ್ಕೆ ಜೋಳದ ರೊಟ್ಟಿ, ಪುಂಡಿಪಲ್ಯ ಬಂದವು. ಮಾನ್ವಿಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ಗದ್ದೆಗಳ ಹಸಿರು ಊರನ್ನು ನೆನಪಿಸುತ್ತಿತ್ತು. ರಾಯಚೂರಿಗೆ ಹೋದಾಗಲೆಲ್ಲ, 1513ರಲ್ಲಿ ಕಟ್ಟಿದ ಒಂದೇ ಮಿನಾರಿನ ಮಸೀದಿಯ ಮುಂದೆ ಸ್ವಲ್ಪ ಹೊತ್ತು ನಿಂತು ಬರುವುದು ರೂಢಿಯಾಯಿತು. ಹೀಗೆ ನಾನು ಈ ನೆಲಕ್ಕೆ ಹೊಂದಿಕೊಂಡೆನೆಂದೇ ಭಾವಿಸಿದ್ದೆ.

ಆದರೆ ದೇವದುರ್ಗದಲ್ಲಿ ನಡೆದ ಒಂದು ಘಟನೆ, ನಾನು ಈ ನೆಲದ ಊಟಕ್ಕೆ ಹೊಂದಿಕೊಂಡಿದ್ದೆನೇ ಹೊರತು ಇಲ್ಲಿನ ಜನರ ಬದುಕನ್ನು ಅರಿತಿರಲಿಲ್ಲ ಎಂಬುದನ್ನು ತೋರಿಸಿಕೊಟ್ಟಿತು.

ಎರಡು ವರ್ಷಗಳ ಹಿಂದಿನ ಮಾತು. ಹನ್ನೊಂದರ ಪ್ರಾಯದ ಒಬ್ಬ ಹುಡುಗ ಎರಡು ತಿಂಗಳು ತರಗತಿಗೆ ಬರಲಿಲ್ಲ. ಜನವರಿಯ ಒಂದು ಬೆಳಿಗ್ಗೆ ಬಂದು ಬಾಗಿಲಲ್ಲಿ ನಿಂತ. ನಾನು ಕಾರಣ ಕೇಳಲಿಲ್ಲ. ಎಲ್ಲರೆದುರು ಸೋಮಾರಿ ಎಂದು ಜರೆದು, ಅವನ ನೋಟ್‌ಪುಸ್ತಕವನ್ನು ಕಿತ್ತು ಮೇಜಿನ ಮೇಲಿಟ್ಟು, ಗಂಟೆ ಹೊಡೆಯುವ ತನಕ ಹೊರಗೆ ನಿಲ್ಲಿಸಿದೆ. ಅವನು ಅಳಲಿಲ್ಲ, ಎದುರು ಮಾತನಾಡಲಿಲ್ಲ. ಮರುದಿನದಿಂದ ಬರಲೂ ಇಲ್ಲ. ಅವನ ಬೆರಳುಗಳ ತುದಿಯೆಲ್ಲ ಗೀರಿಹೋಗಿದ್ದುದನ್ನು ನಾನು ಕಂಡಿದ್ದೆ. ಅದು ಹತ್ತಿ ಬಿಡಿಸಿದ ಗಾಯವೆಂದು ಸಹೋದ್ಯೋಗಿಯೊಬ್ಬರು ಹೇಳಿದ್ದು ವಾರದ ನಂತರ. ಅಷ್ಟರಲ್ಲಿ ಮೇಸ್ತ್ರಿಯಿಂದ ಮುಂಗಡ ಪಡೆದಿದ್ದ ಆ ಕುಟುಂಬ ಬೆಂಗಳೂರಿಗೆ ಗುಳೆ ಹೋಗಿತ್ತು.

ನೋಟ್‌ಪುಸ್ತಕ ನನ್ನ ಕಪಾಟಿನಲ್ಲಿಯೇ ಉಳಿಯಿತು. ನೋಡಿದಾಗಲೆಲ್ಲ ನಾಳೆ ವಿಚಾರಿಸೋಣ ಎಂದುಕೊಂಡೆ. ಎರಡು ವರ್ಷ ಹಾಗೆಯೇ ಕಳೆಯಿತು.

ಕಳೆದ ವಾರ ನನಗೆ ಬೀಳ್ಕೊಡುಗೆ ನಡೆಯಿತು. ಶಾಲು ಹೊದಿಸಿದರು. ಮಕ್ಕಳ ಮೇಲಿನ ನನ್ನ ಮಮತೆಯನ್ನು ಇಬ್ಬರು ಹೊಗಳಿದರು. ಆ ಶಾಲಿನ ಭಾರವನ್ನು ನನ್ನಿಂದ ತಾಳಲಾಗಲಿಲ್ಲ. ಮುಆದ್ ಬಿನ್ ಜಬಲ್(ರ)ರನ್ನು ಯಮನ್‌ಗೆ ಕಳುಹಿಸಿದ ಸಂದರ್ಭ ನೆನಪಾಯಿತು. ಅವರೂ ದೂರದ ನಾಡಿಗೆ ಕಲಿಸಲು ಹೊರಟವರು. ಜನರಿಗೆ ಧರ್ಮವನ್ನು ಸುಲಭಗೊಳಿಸಬೇಕು, ಕಠಿಣಗೊಳಿಸಬಾರದು ಎಂದು ಪ್ರವಾದಿವರ್ಯರು(ಸ) ಅವರಿಗೆ ತಿಳಿಹೇಳಿದ್ದರು. ಮರ್ದಿತನ ಮೊರೆಗೂ ಅಲ್ಲಾಹನಿಗೂ ಮಧ್ಯೆ ಯಾವ ತೆರೆಯೂ ಇಲ್ಲವೆಂದು ಎಚ್ಚರಿಸಿದ್ದರು. ಈ ಹದೀಸನ್ನು ನಾನು ಎಷ್ಟೋ ಸಲ ಪಾಠ ಮಾಡಿದ್ದೇನೆ. ಮರ್ದಿತನೆಂದರೆ ಯಾವನೋ ಅರಸನ ಪ್ರಜೆ ಎಂದೇ ವಿವರಿಸುತ್ತಿದ್ದೆ. ನನ್ನ ತರಗತಿಯ ಬಾಗಿಲಲ್ಲಿ ನಿಂತವನು ನನ್ನ ಗಣನೆಗೆ ಬಂದಿರಲಿಲ್ಲ. ಮನುಷ್ಯರ ಹಕ್ಕಿಗೆ ಚ್ಯುತಿ ಬಂದಿದ್ದರೆ ರಾತ್ರಿಯಿಡೀ ಮಾಡಿದ ತೌಬಾ ಮಾತ್ರ ಸಾಲದು, ಹಕ್ಕುದಾರನ ಬಳಿಗೇ ಹೋಗಬೇಕು ಎಂಬುದನ್ನೂ ನಾನೇ ಕಲಿಸಿದವನು.

ಮರುದಿನ ಕೃಷ್ಣಾ ನದಿಯ ಕಡೆಗಿರುವ ಅವನ ಹಳ್ಳಿಗೆ ಹೋದೆ. ಮನೆಯಲ್ಲಿ ಅಜ್ಜಿ ಮತ್ತು ಒಂದು ಎಳೆಯ ಮಗು ಮಾತ್ರ. ನಾನು ಯಾರೆಂದು ತಿಳಿದ ಮೇಲೂ ಅಜ್ಜಿ ಚಾಪೆ ಹಾಸಿ ರೊಟ್ಟಿ, ಶೇಂಗಾ ಚಟ್ನಿ ಇಟ್ಟರು. ನಡೆದುದನ್ನೆಲ್ಲ ಹೇಳಿ ಕ್ಷಮೆ ಕೇಳಿದೆ.

“ಹುಡುಗ ಯಾರ ಮ್ಯಾಲೂ ಸಿಟ್ಟು ಇಟ್ಕೊಳ್ಳಂಗಿಲ್ರಿ ಹಜ್ರತ್. ಆದ್ರ ಅಲ್ಲಿ ಸಾಲಿಗೆ ಹೋಗು ಅಂದ್ರ ಮಾತ್ರ ವಲ್ಲೆ ಅಂತಾನ್ರಿ,” ಎಂದರು.

ಆ ಮಾತಿನಲ್ಲಿ ದೂರು ಇರಲಿಲ್ಲ. ಆದರೆ ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗಲಿಲ್ಲ.

ಅಜ್ಜಿ ಮಗನಿಗೆ ಫೋನ್ ಹಚ್ಚಿಸಿದರು. ತಂದೆಯ ಬಳಿಕ ಹುಡುಗ ಮಾತಿಗೆ ಬಂದ. ಸ್ವರ ಒಡೆಯುತ್ತಿತ್ತು. “ನನ್ನಿಂದ ತಪ್ಪಾಯಿತು ಮಗೂ, ಕಾರಣ ಕೇಳದೆ ನಿನ್ನನ್ನು ಶಿಕ್ಷಿಸಿದೆ. ನನ್ನನ್ನು ಕ್ಷಮಿಸುತ್ತೀಯಾ?” ಎಂದೆ. ಬಹಳ ಹೊತ್ತು ಉತ್ತರ ಬರಲಿಲ್ಲ. ಹಿಂದೆ ಜಲ್ಲಿ ಸುರಿಯುವ ಸದ್ದು ಮಾತ್ರ ಕೇಳುತ್ತಿತ್ತು.

“ನನ್ನ ಬುಕ್ ನಿಮ್ಮ ಹತ್ರಾನ ಐತೇನ್ರಿ?” ಎಂದು ಕೇಳಿದ.

“ಇದೆ. ತಂದುಕೊಡುತ್ತೇನೆ.”

“ಹೂಂ ರಿ,” ಎಂದು ಫೋನ್ ತಂದೆಗೆ ಕೊಟ್ಟ.

ಅವನು ಕ್ಷಮಿಸಿದ್ದೇನೆ ಎನ್ನಲಿಲ್ಲ. ಹಾಗೆ ಹೇಳಿಸಿಕೊಳ್ಳುವ ಹಕ್ಕೂ ನನಗಿಲ್ಲ. ರಾಯಚೂರಿನಿಂದ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಅಲ್ಲಿಂದ ಬಸ್ಸಿನಲ್ಲಿ ಊರಿಗೆ ಹೋಗುವುದೆಂದು ಮೊದಲೇ ನಿಶ್ಚಯಿಸಿದ್ದೆ. ಈಗ ಬೆಂಗಳೂರಿನಲ್ಲಿ ಎರಡು ದಿನ ಉಳಿಯುತ್ತೇನೆ. ಅವನಿರುವ ಶೆಡ್ಡಿನ ಹತ್ತಿರ ಸರ್ಕಾರಿ ಶಾಲೆ ಎಲ್ಲಿದೆ, ಪ್ರವೇಶಕ್ಕೆ ಏನು ಬೇಕು ಎಂದು ವಿಚಾರಿಸಿ ಅವನ ತಂದೆಯೊಂದಿಗೆ ಹೋಗಬೇಕು. ಅವನು ಒಪ್ಪುತ್ತಾನೋ ಇಲ್ಲವೋ ಅಲ್ಲಾಹನೇ ಬಲ್ಲ. ತಾಯಿಗೆ ಫೋನ್ ಮಾಡಿ, ಎರಡು ದಿನ ತಡವಾಗುತ್ತದೆ ಎಂದು ತಿಳಿಸಿದ್ದೇನೆ.

ಪೆಟ್ಟಿಗೆ ತುಂಬಿಸಿಯಾಗಿದೆ. ಪುಸ್ತಕಗಳನ್ನು ಸಂಸ್ಥೆಗೆ ಬಿಟ್ಟೆ, ಶಾಲು ಅಡಿಯಲ್ಲಿದೆ. ಎಲ್ಲಕ್ಕಿಂತ ಮೇಲೆ, ಕೈಗೆ ಸಿಗುವಂತೆ, ಆ ನೋಟ್‌ಪುಸ್ತಕವಿದೆ. ಅದರ ಕೊನೆಯ ಬರೆದ ಪುಟದಲ್ಲಿ ಹುಡುಗನ ದುಂಡಗಿನ ಅಕ್ಷರದಲ್ಲಿ ಕಾಗುಣಿತ ‘ಮ’ಕಾರದವರೆಗೆ ಬಂದು ನಿಂತಿದೆ. ಅಧ್ಯಾಪಕರಾಗಿರುವ ನನ್ನ ಸಹೋದರರೇ, ನಿಮ್ಮ ಕಪಾಟುಗಳನ್ನೂ ಒಮ್ಮೆ ನೋಡಿರಿ. ಇತರರ ಹಕ್ಕನ್ನು ಹೊತ್ತುಕೊಂಡು ಅವನ ಸನ್ನಿಧಿಗೆ ಹೋಗುವ ದುರವಸ್ಥೆಯಿಂದ ಅಲ್ಲಾಹನು ನಮ್ಮೆಲ್ಲರನ್ನೂ ಕಾಪಾಡಲಿ. ಆಮೀನ್.